ಓದಿಗೆ ಎಂದು ಹೇಳಿ, ಆಟಕ್ಕೆ ಎಂದು ಕೊಂಡು

ಕುಮಾರಸ್ವಾಮಿ ಲೇಔಟ್‌ನ ಯಾವ ಮನೆಯಲ್ಲೂ ಮಕ್ಕಳು ಆಟಕ್ಕೆ ಅಂತ ಕಂಪ್ಯೂಟರ್ ಕೇಳುವುದಿಲ್ಲ. ಕೇಳುವುದೆಲ್ಲ ಪ್ರಾಜೆಕ್ಟಿಗೆ, ಪಿಪಿಟಿಗೆ, ಕೋಡಿಂಗಿಗೆ. ಆದರೆ ಎಂಟನೇ ಕ್ಲಾಸಿನ ಹುಡುಗ ರಫ್ ನೋಟ್‌ಬುಕ್ಕಿನ ಹಿಂಬದಿ ಹಾಳೆಯಲ್ಲಿ ಬರೆದುಕೊಂಡು ಬರುವ ಪಟ್ಟಿಯಲ್ಲಿ ‘ಆರ್‌ಟಿಎಕ್ಸ್’ ಎಂಬ ಗ್ರಾಫಿಕ್ಸ್ ಕಾರ್ಡೊಂದು ಇದ್ದೇ ಇರುತ್ತದೆ. ಪಿಪಿಟಿಗೆ ಆರ್‌ಟಿಎಕ್ಸ್ ಯಾಕಪ್ಪಾ ಎಂದು ಅಪ್ಪ ಕೇಳುವುದಿಲ್ಲ, ಅದೇನೆಂದು ಅವರಿಗೆ ಗೊತ್ತಿಲ್ಲ. ಮಗ ಬಾಯಿ ಬಿಡುವುದಿಲ್ಲ, ಅವನಿಗೆ ಚೆನ್ನಾಗಿ ಗೊತ್ತು. ಹೀಗೆ ಇಬ್ಬರೂ ಸುಮ್ಮನಿದ್ದು ಐವತ್ತು ಅರವತ್ತು ಸಾವಿರದ ವ್ಯವಹಾರ ಮುಗಿಯುತ್ತದೆ. ಆರು ತಿಂಗಳ ಮೇಲೆ ‘ಇದರಲ್ಲಿ ಏನೂ ಓಡಲ್ಲ’ ಎಂದು ಮಗ ಮುಖ ಊದಿಸಿಕೊಂಡು ಕೂತಾಗ, ‘ಅಷ್ಟು ದುಡ್ಡು ಸುರಿದದ್ದು ಓದೋಕೆ ತಾನೆ’ ಎಂದು ಅಪ್ಪ ರೇಗುತ್ತಾರೆ.

ನನ್ನ ಮಾತು ಇಷ್ಟೇ: ಶಾಲೆಯ ಓದಿಗೆ ಇವತ್ತು ಯಾವ ಕಂಪ್ಯೂಟರ್ ಆದರೂ ನಡೆದೀತು, ದುಡ್ಡು ಕೇಳುವುದು ಆಟ. ಆದ್ದರಿಂದ ಆಟದ ವಿಷಯವನ್ನೇ ಮೊದಲು ಎತ್ತಿಕೊಂಡು, ಯಾವ ಆಟ, ಯಾವ ಪರದೆಯ ಮೇಲೆ ಎಂದು ತೀರ್ಮಾನ ಮಾಡಿಕೊಂಡು ಆಮೇಲೆ ಅಂಗಡಿಗೆ ಹೋಗಬೇಕು.

ಓದಿಗೆ ಬೇಕಾದ್ದು ಎಷ್ಟು ಕಡಿಮೆ ಎಂಬುದನ್ನೇ ನೋಡಿ. ಸಣ್ಣ ಕ್ಲಾಸಿನವರಿಗೆ ಸ್ಕ್ರ್ಯಾಚ್. ಸಿಬಿಎಸ್‌ಇ 11, 12ನೇ ತರಗತಿಯ ಕಂಪ್ಯೂಟರ್ ಸೈನ್ಸಿಗೆ ಪೈಥಾನ್ ಮತ್ತು ಮೈಎಸ್‌ಕ್ಯೂಎಲ್. ಉಳಿದದ್ದು ಬ್ರೌಸರ್, ಯೂಟ್ಯೂಬ್ ಪಾಠ, ಒಂದಿಷ್ಟು ಟೈಪಿಂಗ್. ಕನ್ನಡ ಪ್ರಾಜೆಕ್ಟು ಬರೆಯಲು ನುಡಿ, ಬರಹ ಇವೆ. ಅದೂ ಬೇಡವೆಂದರೆ ವಿಂಡೋಸ್‌ನಲ್ಲೇ ಕನ್ನಡದ ಫೊನೆಟಿಕ್ ಕೀಲಿಮಣೆ ಇದೆ, ಸೆಟ್ಟಿಂಗ್ಸ್‌ಗೆ ಹೋಗಿ ಸೇರಿಸಿಕೊಂಡರೆ ಸಾಕು. ಇದಕ್ಕೆಲ್ಲ ಎಂಟು ಜಿಬಿ ರ್‍ಯಾಮ್ ಧಾರಾಳ, ಒಂದು ಎಸ್‌ಎಸ್‌ಡಿ ಇದ್ದರೆ ಸರಾಗ. ಎಸ್‌ಎಸ್‌ಡಿ ಮಾತ್ರ ಇರಲೇಬೇಕು. ಹಳೇ ಹಾರ್ಡ್‌ಡಿಸ್ಕಿನ ಮೇಲೆ ವಿಂಡೋಸ್ 11 ತೆರೆಯುವುದನ್ನು ಕಾಯುತ್ತ ಕೂತರೆ ಮಗು ಓದುವ ಮನಸ್ಸನ್ನೇ ಬಿಡುತ್ತದೆ.

ಬರೀ ಓದಿಗೆಂದೇ ಕಂಪ್ಯೂಟರ್ ಮಾಡಿದರೆ ಹೇಗಿರುತ್ತದೆ ಎಂಬುದಕ್ಕೆ ನಮ್ಮ ಊರಿನದೇ ತಾಜಾ ಉದಾಹರಣೆ ಇದೆ. 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ‘ಕಿಯೋ’ ಎಂಬ ಪುಟ್ಟ ಪೆಟ್ಟಿಗೆಯನ್ನು ತೋರಿಸಿತು. ಬೆಲೆ 18,999 ರೂಪಾಯಿ. ಒಳಗಿರುವುದು ಇಂಟೆಲ್, ಎಎಂಡಿಗಳ ಚಿಪ್ ಅಲ್ಲ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ವಿನ್ಯಾಸದ ರಿಸ್ಕ್-ಫೈವ್ ಪ್ರೊಸೆಸರ್. ಮೇಲೆ ಲಿನಕ್ಸ್. ಡಿಎಸ್‌ಇಆರ್‌ಟಿ ಪಠ್ಯಕ್ರಮದ ಮೇಲೆ ತರಬೇತಾದ ‘ಬುದ್ಧ್’ ಎಂಬ ಎಐ ಸಹಾಯಕನೂ ಅದರಲ್ಲಿದ್ದಾನೆ. ಎಚ್‌ಡಿಎಂಐ ತಂತಿಯಲ್ಲಿ ಪರದೆಗೆ ಜೋಡಿಸಿದರೆ ಕೆಲಸ ಶುರು. ಬರೀ ಓದೇ ಗುರಿಯಾದ ಮನೆಗೆ ಈ ದಾರಿ ತಪ್ಪೇನಲ್ಲ. ಆದರೆ ವ್ಯಾಲೊರಂಟ್ ಇದರ ಮೇಲೆ ಏಳುವುದಿಲ್ಲ. ಆ ಆಟ ಬರೆದಿರುವುದು ಇಂಟೆಲ್, ಎಎಂಡಿ ಬಗೆಯ ಚಿಪ್‌ಗಳಿಗೆ. ಅದರ ಮೋಸತಡೆ ಕಾವಲುಗಾರ ‘ವ್ಯಾನ್‌ಗಾರ್ಡ್’ ಲಿನಕ್ಸನ್ನು ಹತ್ತಿರಕ್ಕೂ ಸೇರಿಸುವುದಿಲ್ಲ. ಮಗನಿಗೆ ಈ ಸಂಗತಿ ಅಪ್ಪನಿಗಿಂತ ಮೊದಲೇ ತಿಳಿದಿರುತ್ತದೆ.

ಅಗ್ಗದ ಕಂಪ್ಯೂಟರಿನ ಕನಸು ಬೆಂಗಳೂರಿಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್‌ನವರೂ ಸೇರಿ ಈ ಶತಮಾನದ ಆರಂಭದಲ್ಲಿ ಸಿಂಪ್ಯೂಟರ್ ರೂಪಿಸಿದರು. 2004ರಲ್ಲಿ ಬಿಇಎಲ್ ತಯಾರಿಕೆಯಲ್ಲಿ ‘ಅಮಿಡಾ’ ಹೆಸರಿನಿಂದ ಅದು ಮಾರುಕಟ್ಟೆಗೂ ಬಂತು. ಜನಸಾಮಾನ್ಯರಿಗೆ ಏನು ಬೇಕು ಎಂದು ತಜ್ಞರು ಬಹಳ ಯೋಚಿಸಿದ್ದ ಯಂತ್ರ ಅದು, ಆದರೆ ಜನ ಕೊಳ್ಳಲಿಲ್ಲ.

ಇನ್ನೊಂದು ಕತೆ ಇದಕ್ಕೆ ತದ್ವಿರುದ್ಧ. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಲ್ಲಿ ಆಯ್ದ ಶಾಲೆಗಳಿಗೆ ಕಂಪ್ಯೂಟರ್ ಕೊಡಲು ಹೊರಟಾಗ ಆರಿಸಿಕೊಂಡದ್ದು ಬ್ರಿಟನ್ನಿನ ಬಿಬಿಸಿ ಮೈಕ್ರೊವನ್ನು. ಅಪ್ಪಟ ಶಾಲಾ ಯಂತ್ರ. ಅದೇ ವರ್ಷ ಕೇಂಬ್ರಿಜ್‌ನ ಇಬ್ಬರು ವಿದ್ಯಾರ್ಥಿಗಳು, ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್, ಅದೇ ಯಂತ್ರಕ್ಕೆ ‘ಎಲೀಟ್’ ಎಂಬ ಬಾಹ್ಯಾಕಾಶದ ಆಟ ಬರೆದರು. ಅಷ್ಟು ಕಡಿಮೆ ಮೆಮೊರಿಯಲ್ಲಿ ಅಷ್ಟು ದೊಡ್ಡ ಲೋಕ ತುರುಕಿದ್ದಕ್ಕೆ ಅದು ಇವತ್ತಿಗೂ ಪ್ರಸಿದ್ಧ. ಮುಂದೆ ಇದೇ ಬ್ರೇಬೆನ್, ಶಾಲಾ ಮಕ್ಕಳು ಪ್ರೋಗ್ರಾಂ ಬರೆಯಲಿ ಎಂದು ಅಗ್ಗದ ರಾಸ್ಪ್‌ಬೆರಿ ಪೈ ಕಟ್ಟಿದವರ ಗುಂಪಿನಲ್ಲಿದ್ದರು. ಆಟ ಮತ್ತು ಓದನ್ನು ಒಂದೇ ಪೆಟ್ಟಿಗೆಯಲ್ಲಿಡಲು ಹೆದರುವವರಿಗೆ ಈ ಕತೆ ಹೇಳಬೇಕೆನ್ನಿಸುತ್ತದೆ.

ಹಾಗಾದರೆ ಯಾವ ಆಟ? ಅಪ್ಪ ಅಮ್ಮಂದಿರು ‘ಗೇಮ್’ ಎಂಬ ಒಂದೇ ಚೀಲಕ್ಕೆ ಎಲ್ಲವನ್ನೂ ಹಾಕಿಬಿಡುತ್ತಾರೆ, ದುಡ್ಡು ಕಟ್ಟಿ ಆಡುವ ರಮ್ಮಿಯನ್ನೂ. ಕರ್ನಾಟಕ 2021ರಲ್ಲಿ ಆನ್‌ಲೈನ್ ಜೂಜು ತಡೆಯಲು ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದದ್ದನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಹೊಡೆದುಹಾಕಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯ್ದೆ ಮಾಡಿ ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಇ-ಕ್ರೀಡೆಯನ್ನು ಅದೇ ಕಾಯ್ದೆ ಬೇರೆಯಾಗಿ ಗುರುತಿಸಿ ಮಾನ್ಯ ಮಾಡಿದೆ. ಹುಡುಗರು ಕಂಪ್ಯೂಟರಿನಲ್ಲಿ ಆಡುವುದು ಹೆಚ್ಚಾಗಿ ದುಡ್ಡು ಪಣಕ್ಕಿಡದ ಆಟಗಳು.

ಅವುಗಳಲ್ಲೂ ಮೂರು ತೂಕ. ಹಗುರ ಸಾಲಿನಲ್ಲಿ ವ್ಯಾಲೊರಂಟ್, ಮೈನ್‌ಕ್ರಾಫ್ಟ್, ರೋಬ್ಲಾಕ್ಸ್. ವ್ಯಾಲೊರಂಟ್ ಕೇಳುವ ಕನಿಷ್ಠ ಯೋಗ್ಯತೆ ನೋಡಿದರೆ ನಗು ಬರುತ್ತದೆ. ಇಂಟೆಲ್‌ನ ಎಚ್‌ಡಿ 4000, ಅಂದರೆ 2012ರ ಕಾಲದ ಪ್ರೊಸೆಸರಿನ ಒಳಗೇ ಇದ್ದ ಗ್ರಾಫಿಕ್ಸ್, ನಾಲ್ಕು ಜಿಬಿ ರ್‍ಯಾಮ್. ಮಧ್ಯಮ ಸಾಲಿನಲ್ಲಿ ಜಿಟಿಎ 5, ಕೌಂಟರ್-ಸ್ಟ್ರೈಕ್ 2, ಫೋರ್ಟ್‌ನೈಟ್. ಭಾರದ ಸಾಲಿನಲ್ಲಿ ಸೈಬರ್‌ಪಂಕ್, ರೆಡ್ ಡೆಡ್ ರಿಡೆಂಪ್ಶನ್ 2. ಇದೊಂದೇ ಆಟಕ್ಕೆ 150 ಜಿಬಿ ಜಾಗ ಬೇಕು, ಅಂದರೆ 512ರ ಎಸ್‌ಎಸ್‌ಡಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು. ಭಾರದ ಸಾಲಿನ ಹೊಸ ಆಟಗಳು ಹಳೇ ಕಾರ್ಡುಗಳನ್ನು ಬಾಗಿಲಲ್ಲೇ ತಡೆಯಲು ಶುರುಮಾಡಿವೆ. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟಕ್ಕೆ ಬೆಳಕಿನ ಹಾದಿಯನ್ನೇ ಲೆಕ್ಕ ಹಾಕುವ ರೇ ಟ್ರೇಸಿಂಗ್ ಮಾಡಬಲ್ಲ ಕಾರ್ಡೇ ಬೇಕು. ಜಿಟಿಎಕ್ಸ್ 1650ಯಂಥ ಕಾರ್ಡಿನ ಕೈಲಿ ಅದು ಆಗುವುದಿಲ್ಲ.

ಹುಡುಗನನ್ನು ಕೂರಿಸಿಕೊಂಡು ಕೇಳಿ. ಹತ್ತರಲ್ಲಿ ಎಂಟು ಸಲ ಅವನು ಆಡುವುದು, ಅವನ ಸ್ನೇಹಿತರು ಆಡುವುದು, ಮೊದಲೆರಡು ಸಾಲಿನವು. ಭಾರದ ಸಾಲು ಯೂಟ್ಯೂಬಿನಲ್ಲಿ ನೋಡಿ ಬಂದ ಆಸೆ. ಎದುರು ಮನೆಯ ಇಂಜಿನಿಯರಿಂಗ್ ಅಣ್ಣನದೂ ಸ್ವಲ್ಪ ಕೈವಾಡ ಇರುತ್ತದೆ. ಶಾವಿಗೆ ಮಲ್ಲೇಶ್ವರ ಬೆಟ್ಟದ ಮೇಲೆ ದಯಾನಂದ ಸಾಗರ್ ಕಾಲೇಜು, ಸುತ್ತ ಪಿ.ಜಿ.ಗಳು, ಹೀಗಾಗಿ ನಮ್ಮ ಬಡಾವಣೆಯಲ್ಲಿ ಇಂಥ ಅಣ್ಣಂದಿರಿಗೆ ಬರವಿಲ್ಲ. ಅವರ ಸಲಹೆ ಸುಳ್ಳಲ್ಲ, ಆದರೆ ಅವರು ಹೇಳುವುದು ತಾವು ಕೊಳ್ಳಬೇಕೆಂದಿದ್ದ ಕಂಪ್ಯೂಟರನ್ನು.

ಐವತ್ತು ಸಾವಿರದ ಆಸುಪಾಸಿನಲ್ಲಿ ಹೊರಟವರಿಗೆ ನಾನು ಹೇಳುವುದು ಎರಡು ಕಂತಿನ ದಾರಿ. ಮೊದಲ ಕಂತಿನಲ್ಲಿ ಗ್ರಾಫಿಕ್ಸ್ ಕಾರ್ಡೇ ಬೇಡ. ಎಎಂಡಿಯ ರೈಜನ್ 5 5600ಜಿ ಎಂಬ ಪ್ರೊಸೆಸರ್ 2021ರದು. ಆರು ಕೋರ್, ಜೊತೆಗೆ ಒಳಗೇ ಒಂದು ಮಟ್ಟಿನ ಒಳ್ಳೆಯ ಗ್ರಾಫಿಕ್ಸ್. ಅದರ ತಮ್ಮ 5600ಜಿಟಿಯೂ ಆದೀತು. ವ್ಯಾಲೊರಂಟ್, ಮೈನ್‌ಕ್ರಾಫ್ಟ್ ಇದರಲ್ಲಿ ನಿರಾಯಾಸ, ಜಿಟಿಎ 5 ಸೆಟ್ಟಿಂಗ್ಸ್ ಇಳಿಸಿದರೆ ಚೆನ್ನಾಗಿಯೇ ನಡೆಯುತ್ತದೆ. ವರ್ಷ ಕಳೆದು, ಹುಡುಗನ ಆಸೆ ಹಾಗೇ ಉಳಿದಿದ್ದರೆ, ಎರಡನೇ ಕಂತಿನಲ್ಲಿ ಆರ್‌ಎಕ್ಸ್ 6600ರಂಥ ಎಂಟು ಜಿಬಿ ಕಾರ್ಡು ಸೇರಿಸುವುದು. ಒಂದು ಎಚ್ಚರಿಕೆ: ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗವೆಂದು ಈ ಪ್ರೊಸೆಸರಿಗೆ ಗಂಟು ಹಾಕಬೇಡಿ. ಆ ಕಾರ್ಡಿಗೆ ದತ್ತಾಂಶದ ಹಾದಿ ನಾಲ್ಕೇ ಸಾಲು, 5600ಜಿಯ ಹಾದಿ ಹಿಂದಿನ ತಲೆಮಾರಿನದು. ಎರಡೂ ಸೇರಿದರೆ ಕಾರ್ಡು ಅರೆಹೊಟ್ಟೆಯಲ್ಲಿ ದುಡಿಯುತ್ತದೆ.

‘ಇಂಟೆಲ್ ಐ3-12100ಎಫ್ ಇನ್ನೂ ಅಗ್ಗ ಅಲ್ವಾ’ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರೊಸೆಸರೇ. ಆದರೆ ಕೊನೆಯ ‘ಎಫ್’ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡು ಇಲ್ಲದೆ ಪರದೆಯಲ್ಲಿ ಏನೂ ಮೂಡುವುದಿಲ್ಲ. ನಾಳೆ ಕಾರ್ಡು ಕೆಟ್ಟು ಸರ್ವಿಸ್‌ಗೆ ಹೋಯಿತೆನ್ನಿ, ಅದು ಬರುವವರೆಗೆ ಮಗಳ ಪ್ರಾಜೆಕ್ಟೂ ನಿಂತಂತೆ. ಓದು, ಆಟ ಎರಡಕ್ಕೂ ಒಂದೇ ಯಂತ್ರ ಇರುವ ಮನೆಗೆ ಎಫ್ ಬೇಡ ಅನ್ನುವುದು ಈ ಕಾರಣಕ್ಕೆ.

ಈ ಪಟ್ಟಿಯಲ್ಲಿ ಎಲ್ಲರೂ ಎಡವುವುದು ರ್‍ಯಾಮ್‌ನಲ್ಲಿ. 16 ಜಿಬಿ ಬೇಕು, ಅದು ಸರಿ. ಆದರೆ 16ರ ಒಂದು ಕಡ್ಡಿಯೋ, ಎಂಟರ ಎರಡೋ? ಅಂಗಡಿಯವರು ‘ಒಂದೇ ಹಾಕ್ಕೊಳ್ಳಿ ಸಾರ್, ಮುಂದೆ ಇನ್ನೊಂದು ಹಾಕಬಹುದು’ ಅನ್ನುತ್ತಾರೆ. ಕೇಳಲು ಜಾಣತನದಂತಿದೆ. ಆದರೆ ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಅದು ಈ ರ್‍ಯಾಮನ್ನೇ ಹಂಚಿಕೊಂಡು ಉಣ್ಣಬೇಕು. 3200ರ ಡಿಡಿಆರ್4 ಒಂದು ಕಡ್ಡಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ, ಎರಡು ಕಡ್ಡಿ ಸೇರಿದರೆ 51.2. ಆಟದ ವೇಗದಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮದರ್‌ಬೋರ್ಡಿನಲ್ಲಿ ನಾಲ್ಕು ತೂತಿದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕಬೇಕು. ಪಕ್ಕಪಕ್ಕದಲ್ಲಿ ತುರುಕಿದರೆ ಎರಡು ಕಡ್ಡಿಯ ಲಾಭ ಸಿಗದು. ಬಿಲ್ಲು ಕಟ್ಟುವ ಮೊದಲೇ ಟಾಸ್ಕ್ ಮ್ಯಾನೇಜರ್ ತೆಗೆಸಿ, ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟು ತುಂಬಿದೆ, ವೇಗ ಎಷ್ಟು ತೋರಿಸುತ್ತಿದೆ ನೋಡಿ. 3200 ಕೊಂಡು 2400, 2666ರಲ್ಲಿ ಓಡಿಸುತ್ತಿರುವ ಮನೆಗಳಿವೆ. ಬಯಾಸ್‌ನಲ್ಲಿ ಒಂದು ಆಯ್ಕೆ ಬದಲಿಸುವ ಕೆಲಸ, ಯಾರೂ ಹೇಳಿರುವುದಿಲ್ಲ.

ರ್‍ಯಾಮ್ ಬೆಲೆಯ ಮಾತೂ ಬಂತು. 2025ರ ಕೊನೆಯಿಂದ ಅದು ಹತ್ತಿದ ಪರಿ ಬೇರೆಯೇ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿವೆ, ತಯಾರಕರಿಗೆ ಅಲ್ಲೇ ಲಾಭ. ಮೈಕ್ರಾನ್ ಕಂಪನಿಯಂತೂ ಮನೆ ಬಳಕೆಯ ‘ಕ್ರೂಷಿಯಲ್’ ವ್ಯಾಪಾರವನ್ನೇ ಮುಚ್ಚುವುದಾಗಿ 2025ರ ಡಿಸೆಂಬರ್‌ನಲ್ಲಿ ಘೋಷಿಸಿತು. ಹಾಗಾಗಿ ಹಳೇ ವಿಡಿಯೊ ನೋಡಿ ಬೆಲೆ ಲೆಕ್ಕ ಹಾಕಿಕೊಂಡು ಹೋದವರಿಗೆ ಅಂಗಡಿಯಲ್ಲಿ ಸಿಗುವ ಉತ್ತರ: ‘ಇವತ್ತಿನ ರೇಟು ಇವತ್ತಿಗೆ ಸಾರ್.’

ಅಂಗಡಿ ಅಂದರೆ ನಮಗೆ ಎಸ್.ಪಿ. ರೋಡು, ಸಾದರ ಪತ್ರಪ್ಪ ರಸ್ತೆ. 2017ರ ಜೂನ್‌ನಲ್ಲಿ ಯಲಚೇನಹಳ್ಳಿಯವರೆಗೆ ಮೆಟ್ರೊ ಬಂದಮೇಲೆ ಕುಮಾರಸ್ವಾಮಿ ಲೇಔಟ್‌ನವರಿಗೆ ಅದು ಹಸಿರು ಮಾರ್ಗದಲ್ಲಿ ನೇರ ದಾರಿ. ಚಿಕ್ಕಪೇಟೆಯಲ್ಲೋ ಕೆ.ಆರ್. ಮಾರ್ಕೆಟ್‌ನಲ್ಲೋ ಇಳಿದು ನಡೆದೇ ಹೋಗಬಹುದು. ಭಾನುವಾರ ಹೋದರೆ ಬಹುತೇಕ ಶಟರುಗಳು ಕೆಳಗಿರುತ್ತವೆ, ಶನಿವಾರ ಬೆಳಿಗ್ಗೆಯೇ ಹೋಗಿ. ಅಲ್ಲಿ ಮೊದಲ ಪ್ರಶ್ನೆ ‘ಬಜೆಟ್ ಎಷ್ಟು ಸಾರ್?’ ಅದಕ್ಕೆ ಉತ್ತರ ಕೊಟ್ಟ ಕೂಡಲೇ ನೀವು ಸೋತಿರಿ, ಪಟ್ಟಿ ಆ ಅಂಕಿಗೆ ಸರಿಯಾಗಿ ಹಿಗ್ಗುತ್ತದೆ. ನಿಮ್ಮ ಪಟ್ಟಿಯನ್ನೇ ಮುಂದಿಟ್ಟು ಕೊಟೇಶನ್ ಕೇಳಿ. ಮೂರು ಅಂಗಡಿಯ ಚೀಟಿ ಪಕ್ಕಪಕ್ಕ ಇಟ್ಟರೆ ಪ್ರೊಸೆಸರ್, ಎಸ್‌ಎಸ್‌ಡಿ ಬೆಲೆಗಳಲ್ಲಿ ನೂರಿನ್ನೂರರ ವ್ಯತ್ಯಾಸ. ಆಟ ನಡೆಯುವುದು ಬೇರೆ ಕಡೆ.

‘ಎಸ್‌ಎಂಪಿಎಸ್ ಯಾವುದು ಹಾಕಿದ್ದೀರಿ?’

‘ಅದು ಕ್ಯಾಬಿನೆಟ್ ಜೊತೆಗೇ ಬರುತ್ತೆ ಸಾರ್, ಫ್ರೀ.’

ಈ ಫ್ರೀಗೆ ಸೋಲಬೇಡಿ. ಕಂಪ್ಯೂಟರಿನ ಭಾಗಗಳಿಗೆಲ್ಲ ಕರೆಂಟು ಹಂಚುವ, ಮೇಲೆ 450 ವಾಟ್ ಎಂದು ಅಂಟಿಸಿರುವ ಹಗುರ ಡಬ್ಬಿ ಅದು. ಕೈಯಲ್ಲಿ ಎತ್ತಿ ನೋಡಿದರೇ ತಿಳಿಯುತ್ತದೆ. ನಾಳೆ ಕಾರ್ಡು ಸೇರಿಸಿದಾಗ ಅದು ಕೈಕೊಟ್ಟರೆ ಒಂದೇ ಹೋಗುವುದಿಲ್ಲ, ಜೊತೆಗೆ ಮದರ್‌ಬೋರ್ಡನ್ನೂ ಎಳೆದುಕೊಂಡು ಹೋದೀತು. ಹೆಸರಾಂತ ಕಂಪನಿಯ, 80 ಪ್ಲಸ್ ಗುರುತಿನ 550 ವಾಟ್‌ನದು ಬರೆಸಿ. ಎರಡು ಕಂತಿನ ಉಪಾಯ ನಿಂತಿರುವುದೇ ಇದರ ಮೇಲೆ. ಹಾಗೇ ಬಿಲ್ಲು: ಜಿಎಸ್‌ಟಿ ಸೇರಿಸಿ, ಪ್ರತಿ ಭಾಗದ ಸೀರಿಯಲ್ ನಂಬರ್ ಸಮೇತ. ಶೇ 18 ಉಳಿಸಲು ಕಚ್ಚಾ ಚೀಟಿ ತಂದವರು ವಾರಂಟಿ ಕೇಳಲು ಹೋದಾಗ ಚೀಟಿಯೂ ಕಚ್ಚಾ, ಮಾತೂ ಕಚ್ಚಾ.

ಇನ್ನೊಂದು ಬಲೆ ‘ಐ7, 16 ಜಿಬಿ, 4 ಜಿಬಿ ಗ್ರಾಫಿಕ್ಸ್’ ಎಂಬ ಬೋರ್ಡು, ನಂಬಲಾಗದಷ್ಟು ಕಡಿಮೆ ಬೆಲೆಗೆ. ಐ7 ಹೌದು, ಆದರೆ 2011ರ ಐ7-2600. ಇವತ್ತಿನ ನಾಲ್ಕು ಕೋರಿನ ಐ3 ಅದನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಗ್ರಾಫಿಕ್ಸ್ ಕೂಡ ನಾಲ್ಕು ಜಿಬಿಯೇ, ಆದರೆ 2014ರ ಜಿಟಿ 730. ಜಿಬಿ ಎಂಬುದು ಕಾರ್ಡಿನ ಶಕ್ತಿಯಲ್ಲ, ಗೋದಾಮಿನ ಅಳತೆ. ಮೇಲಾಗಿ ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ಪೀಳಿಗೆಯಿಂದ ಮೇಲಿನ ಪ್ರೊಸೆಸರ್, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಕೂಡ ಅದೇ ಟಿಪಿಎಂ ಕೇಳುತ್ತದೆ. ಆ ಹಳೇ ಐ7ರಲ್ಲಿ ಮೇಲಿನ ಬೋರ್ಡೊಂದೇ ಹೊಸದು.

ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ ಎಂದೇನೂ ಅಲ್ಲ. ಬೆಂಗಳೂರಿನಲ್ಲಿದ್ದು ಅದನ್ನು ಬಿಡುವುದು ದಡ್ಡತನ. ಐಟಿ ಕಂಪನಿಗಳು ಲೀಸ್ ಮುಗಿದಮೇಲೆ ಹೊರಹಾಕುವ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೀಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ಗಳು ಎಸಿ ಕೋಣೆಯಲ್ಲಿ ಬಾಳಿದ ಯಂತ್ರಗಳು. ಎಂಟನೇ ಪೀಳಿಗೆಯ ಐ5-8500 ಇರುವುದನ್ನು ಹುಡುಕಿ, ಆರು ಕೋರ್, ವಿಂಡೋಸ್ 11 ಒಪ್ಪುತ್ತದೆ. ಚಪ್ಪಟೆ ಡಬ್ಬಿ ಬೇಡ, ನಿಲ್ಲುವ ಟವರ್ ತೆಗೆದುಕೊಳ್ಳಿ. ಚಪ್ಪಟೆಯದರಲ್ಲಿ ಅರೆ ಎತ್ತರದ ಕಾರ್ಡು ಮಾತ್ರ ಹಿಡಿಯುತ್ತದೆ, ಅದು ಸ್ಲಾಟಿನಿಂದ ಸಿಗುವ 75 ವಾಟ್‌ನಲ್ಲೇ ಬದುಕಬೇಕು. ಟವರಿಗೆ ಒಂದು ಜಿಟಿಎಕ್ಸ್ 1650 ಹಾಕಿದರೆ ಮಧ್ಯಮ ಸಾಲಿನ ಆಟಗಳೆಲ್ಲ ಕೈಗೆ ಬರುತ್ತವೆ. ಹಳೇ ಕಾರ್ಡು ಕೊಳ್ಳುವಾಗ ಮಾತ್ರ ಹುಷಾರು. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಎಂಬ ಕ್ರಿಪ್ಟೊ ನಾಣ್ಯ ತನ್ನ ವಿಧಾನ ಬದಲಿಸಿ, ಅದರ ಗಣಿಗಾರಿಕೆಗೆ ದುಡಿಯುತ್ತಿದ್ದ ಕಾರ್ಡುಗಳಿಗೆ ಕೆಲಸವಿಲ್ಲದಂತಾದ ಮೇಲೆ, ಹಗಲೂ ರಾತ್ರಿ ದುಡಿದ ಕಾರ್ಡುಗಳು ಲೋಕದ ಎಲ್ಲ ಹಳೇ ಸಾಮಾನಿನ ಮಾರುಕಟ್ಟೆಗೂ ಬಂದವು. ಅಂಗಡಿಯಲ್ಲೇ ಅರ್ಧ ಗಂಟೆ ಆಟ ಓಡಿಸಿ, ಫ್ಯಾನಿನ ಸದ್ದು ಕೇಳಿ ಕೊಳ್ಳಿ.

ಲ್ಯಾಪ್‌ಟಾಪ್? ಪಿಯುಸಿ ಮುಗಿಸಿ ಹಾಸ್ಟೆಲ್ ಸೇರುವ ಮಗುವಿಗೆ ಅದೇ ಸರಿ, ವಾದವಿಲ್ಲ. ಮನೆಯಲ್ಲೇ ಇರುವ ಎಂಟನೇ ಕ್ಲಾಸಿನವನಿಗೆ ಅದೇ ದುಡ್ಡಿಗೆ ಸಣ್ಣ ಪರದೆ, ಬಿಸಿ ಮಡಿಲು, ಮುಂದೆ ಬದಲಿಸಲಾಗದ ಗ್ರಾಫಿಕ್ಸ್. ಒಂದೇ ಹೆಸರಿನ ಆರ್‌ಟಿಎಕ್ಸ್ 3050 ಒಂದು ಲ್ಯಾಪ್‌ಟಾಪಿನಲ್ಲಿ 35 ವಾಟ್, ಇನ್ನೊಂದರಲ್ಲಿ 80 ವಾಟ್ ಕುಡಿಯುತ್ತದೆ, ಶಕ್ತಿಯೂ ಅದಕ್ಕೆ ತಕ್ಕಂತೆ. ಡಬ್ಬದ ಮೇಲೆ ಆ ಅಂಕಿ ಹುಡುಕಿದರೂ ಸಿಗುವುದು ಕಷ್ಟ.

ಪರದೆಗೆ ಚೌಕಾಸಿ ಮಾಡಬೇಡಿ. ಓದಿಗೂ ಆಟಕ್ಕೂ ಸಮನಾಗಿ ಕೆಲಸಕ್ಕೆ ಬರುವುದು ಅದೊಂದೇ. 24 ಅಂಗುಲ, 1080ಪಿ, ಐಪಿಎಸ್, 100 ಹರ್ಟ್ಸ್ ಸಾಕು. ಮನೆಗೆ ತಂದಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ನೋಡಿ, ಬಹಳ ಸಲ ಅದು 60ರಲ್ಲೇ ನಿಂತಿರುತ್ತದೆ. ಎರಡನೇ ಕಂತಿನಲ್ಲಿ ಕಾರ್ಡು ಹಾಕಿದ ದಿನ ಪರದೆಯ ತಂತಿಯನ್ನು ಮದರ್‌ಬೋರ್ಡಿನಿಂದ ಕಿತ್ತು ಕಾರ್ಡಿಗೆ ಸಿಕ್ಕಿಸುವುದನ್ನು ಮರೆಯಬೇಡಿ. ಕಾರ್ಡು ಸುಮ್ಮನೆ ಕೂತಿದ್ದು, ಹುಡುಗ ‘ಏನೂ ವ್ಯತ್ಯಾಸ ಇಲ್ಲ’ ಎಂದು ಗೋಳಾಡುವುದು ಇದರಿಂದಲೇ.

ಕೊನೆಗೆ ಕರೆಂಟು. ಇನ್ವರ್ಟರ್ ಇರುವ ಮನೆಯವರು ಅದರ ಹಿಂದಿನ ಗುಂಡಿಯನ್ನು ಯುಪಿಎಸ್ ಮೋಡ್‌ಗೆ ತಿರುಗಿಸಿ. ಇಕೋ ಮೋಡ್‌ನಲ್ಲಿ ಫ್ಯಾನು, ಲೈಟಿಗೆ ಗೊತ್ತಾಗದ ಆ ಕ್ಷಣದ ಅಂತರಕ್ಕೆ ಕಂಪ್ಯೂಟರ್ ಆರಿಹೋಗುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಪ್ಲಗ್ಗಿನ ಅರ್ತಿಂಗ್ ಸರಿಯಿಲ್ಲ, ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಇನ್ನು ಖರ್ಚು: ಕಾರ್ಡು ಹಾಕಿದ ಯಂತ್ರ ಆಟದ ಹೊತ್ತಿನಲ್ಲಿ ಸುಮಾರು 250 ವಾಟ್ ಎಳೆಯುತ್ತದೆಂದು ಹಿಡಿದರೆ ನಾಲ್ಕು ಗಂಟೆಗೆ ಒಂದು ಯೂನಿಟ್. ದಿನಕ್ಕೆ ಎರಡು ಗಂಟೆಯಂತೆ ತಿಂಗಳಿಗೆ ಹದಿನೈದು. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಎಷ್ಟು ಯೂನಿಟ್ ಉಚಿತ ಎಂದು ಬೆಸ್ಕಾಂ ಬಿಲ್ಲಿನ ಮೇಲೇ ಬರೆದಿರುತ್ತದೆ, ಅದನ್ನು ಮೀರಿದಷ್ಟಕ್ಕೆ ದುಡ್ಡು. 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ಲು. 190ರ ಹತ್ತಿರ ಓಡಾಡುವ ಮನೆಗಳಲ್ಲಿ ಆಟದ ಸಮಯ ನಿಗದಿ ಮಾಡಲು ಅಮ್ಮಂದಿರಿಗೆ ಮೀಟರಿಗಿಂತ ಒಳ್ಳೆಯ ಸಾಕ್ಷಿ ಸಿಗದು. ಹುಡುಗನೂ ಲೆಕ್ಕ ಕಲಿತಿದ್ದಾನೆ: ಫ್ರೇಮ್ ರೇಟನ್ನು ಅರವತ್ತಕ್ಕೆ ಕಟ್ಟಿಹಾಕಿದರೆ ಯಂತ್ರ ಎಳೆಯುವ ವಾಟ್ ಇಳಿಯುತ್ತದೆ, ಅಷ್ಟು ಹೊತ್ತು ಜಾಸ್ತಿ ಆಡಬಹುದು ಎಂದು ವಾದಕ್ಕೆ ಬರುತ್ತಾನೆ.